ಎಣ್ಣೆ ಕುಡಿದ ಚೆಂಡು

ಹುಬ್ಬಳ್ಳಿಯಲ್ಲಿ ಓದುವ ಮೊಮ್ಮಗಳು ಬ್ಯಾಡಗಿಯ ನಮ್ಮ ಮನೆಗೆ ತನ್ನ ಬೌಲಿಂಗ್ ಚೆಂಡು ತಂದಿದ್ದಳು; ಕ್ರಿಕೆಟ್ಟಿನದಲ್ಲ, ನೆಲದ ಮೇಲೆ ಉರುಳಿಸಿ ಸಾಲಾಗಿ ನಿಂತ ಗೂಟಗಳನ್ನು ಬೀಳಿಸುವ ಭಾರದ ಚೆಂಡು. ಆಡುವ ಹಾದಿಗೆ ಎಣ್ಣೆ ಸವರಿರುತ್ತಾರಂತೆ. ಚೆಂಡು ಅದನ್ನು ಹೀರಿಕೊಂಡು, ತಿರುಗುವುದು ಬಿಟ್ಟು ಜಾರುತ್ತಿತ್ತು. ಮರುದಿನ ಅವಳಿಗೆ ಪಂದ್ಯ. ಬೆರಳಿನ ತೂತುಗಳಿಗೆ ಟೇಪು ಅಂಟಿಸಿ, ಉಗುರುಬೆಚ್ಚಗಿನ ಸಾಬೂನು ನೀರಿನ ಬಕೆಟ್ಟಿನಲ್ಲಿ ಚೆಂಡನ್ನು ಮುಳುಗಿಸಿಟ್ಟು ಅಂಗಡಿಗೆ ಹೋದಳು.

ಅಷ್ಟು ಬಿಸಿಗೆ ಜಿಡ್ಡು ಬಿಡುತ್ತದೆಯೇ? ಉಪ್ಪಿನಕಾಯಿ ಭರಣಿಗೆ ನಾನು ಯಾವತ್ತೂ ಕುದಿಯುವ ನೀರನ್ನೇ ಹಾಕುವವಳು. ಸ್ನಾನದ ಹಂಡೆಯಿಂದ ಎರಡು ತಂಬಿಗೆ ಸುರಿದೆ. ಎಣ್ಣೆ ತೇಲಿತು. ಹಿಂದೆಯೇ ಚೆಂಡಿನ ಒಳಗಿಂದ ಟಕ್ ಎಂದು ಸದ್ದಾಯಿತು. ತಂಬಿಗೆಯನ್ನು ಅಲ್ಲೇ ಕೆಳಗಿಟ್ಟೆ.

ಅವಳು ಬಂದ ಕೂಡಲೇ ಹೇಳಿಬಿಟ್ಟೆ.

"ಅಜ್ಜಿ, ಇದನ್ನೇನ ಭರಣಿ ಅಂತ ತಿಳಿದೀ? ಕುದಿಯೋ ನೀರಿಗೆ ಸೀಳತೈತಿ!"

ಒರೆಸಿ, ಉಗುರಿನಿಂದ ಸುತ್ತಲೂ ಸವರಿ ನೋಡಿದಳು.

"ಮ್ಯಾಲೆ ಸೀಳಿಲ್ಲ. ಒಳಗ ಏನಾಗೇತೋ ನಾಳೆ ಒಗದಾಗ ಗೊತ್ತಾಗತೈತಿ."

"ಹಂಗಾರ ನಾನೂ ಬರ್ತೀನಿ. ಒಡದ್ರ ಅಲ್ಲೇ ಬೈ."

"ಬಾ. ಆದ್ರ ತಂಬಿಗಿ ತರಬ್ಯಾಡ."

ಬಸ್ಸಿನಲ್ಲಿ ಆ ಭಾರದ ಚೀಲವನ್ನು ಹುಬ್ಬಳ್ಳಿಯವರೆಗೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ. ಅವಳು ಮೊದಲ ಸಲ ಒಗೆದಾಗ ಎಷ್ಟು ಗೂಟ ಬಿದ್ದವೆಂದು ನಾನು ನೋಡಲಿಲ್ಲ. ಚೆಂಡು ಮರಳಿ ಬರುವ ಕಿಂಡಿಯನ್ನೇ ನೋಡುತ್ತ ನಿಂತೆ. ಬಹಳ ಹೊತ್ತಾಯಿತು ಅನಿಸಿತು. ಕೊನೆಗೆ ಇಡಿಯಾಗಿಯೇ ಬಂತು.