ಒದ್ದೆಯಾಗದ ಕೈಗವಸು

ನನ್ನ ಅತ್ತೆ ಹೊಲಿಗೆಯಲ್ಲಿ ಎತ್ತಿದ ಕೈ. ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಾರೆ. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ನು. ಅದರ ಮುಂದೆ ಕೂತರೆಂದರೆ ಊಟಕ್ಕೆ ಕರೆದು ಕರೆದು ನಮ್ಮ ಗಂಟಲು ಒಣಗಬೇಕು. ಬೆನ್ನು ಬಾಗಿದವರಿಗೆ ಅಲ್ಲಿ ತುಸು ಸಡಿಲ ಬಿಡುವುದು, ಒಂದು ಹೆಗಲು ಇಳಿದಿದ್ದರೆ ಒಳಗೆ ಬಟ್ಟೆ ಕೊಟ್ಟು ಎತ್ತುವುದು, ಹೀಗೆ ಮೈಯ ಊನವನ್ನು ಬಟ್ಟೆಯಲ್ಲಿ ಮುಚ್ಚುವುದೇ ಅವರ ವಿದ್ಯೆ. "ನೋಡೋರ ಕಣ್ಣಿಗೆ ಗೊತ್ತಾಗ್ಬಾರ್ದು, ಅಷ್ಟೇ" ಎನ್ನುತ್ತಿದ್ದರು. ಆ ವಿದ್ಯೆಯೇ ನಮ್ಮ ಮನೆಯ ಮಗುವಿಗೆ ಮುಳುವಾಯಿತು. ಅತ್ತೆಯ ಬಗ್ಗೆ ಒಳ್ಳೆಯ ಮಾತು ಬೇಕಾದಷ್ಟಿದೆ. ಇವತ್ತು ಹೇಳುವ ಮನಸ್ಸಿಲ್ಲ.

ಮಗು ನನ್ನ ವಾರಗಿತ್ತಿಯದು. ಹುಟ್ಟುವ ಹೊತ್ತಿಗೆ ಮಿದುಳಿನ ಒಂದು ಮಗ್ಗುಲಿಗೆ ರಕ್ತ ಸರಿಯಾಗಿ ಹೋಗಿರಲಿಲ್ಲವಂತೆ. ಐದನೇ ತಿಂಗಳಿಗೆ ಬಲಗೈ ಕಂಡದ್ದನ್ನೆಲ್ಲ ಹಿಡಿದು ಬಾಯಿಗೆ ತುರುಕುತ್ತಿತ್ತು. ಎಡಗೈ ಮುಷ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಬಿದ್ದಿರುತ್ತಿತ್ತು. ಆಸ್ಪತ್ರೆಯಲ್ಲಿ ಕೂಸುಗಳ ಕೈಗೆ ಥೆರಪಿ ಕೊಡುವಾಕೆಗೆ ನಾವಿಟ್ಟ ಹೆಸರು ಗಿಲಕಿ ಮೇಡಂ. ಅವರ ಚೀಲದಲ್ಲಿ ಗಿಲಕಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

"ಚೆನ್ನಾಗಿರೋ ಕೈಗೆ ದಿನಾ ಅರ್ಧ ಗಂಟೆ ಮೆತ್ತಗಿನ ಗವಸು ಹಾಕಿ, ಎದುರಿಗೆ ಕೂತು ಆಟ ಆಡ್ಸಿ" ಎಂದರು ಮೇಡಂ. "ಆಗ ಎಡಗೈ ತಾನಾಗೇ ಮುಂದೆ ಬರೋಕೆ ನೋಡುತ್ತೆ. ಬಳಸದ ಕೈನ ಮಿದುಳು ಮರೆತುಬಿಡುತ್ತೆ. ಈ ತಿಂಗಳುಗಳು ಮತ್ತೆ ಸಿಗಲ್ಲ."

"ಪೂರ್ತಿ ಸರಿಹೋಗುತ್ತಾ ಮೇಡಂ?" ವಾರಗಿತ್ತಿ ಕೇಳಿದಳು.

"ಮಾತು ಕೊಡಲ್ಲ. ಆದ್ರೆ ಮಾಡ್ದೇ ಇದ್ರೆ ಕೈ ಇನ್ನೂ ಹಿಂದೆ ಬೀಳುತ್ತೆ."

ವಾರಗಿತ್ತಿ ಬಸ್ ಕಂಡಕ್ಟರು, ಹೆರಿಗೆ ರಜೆ ಮುಗಿದಿತ್ತು. ನನಗೆ ಶಾಲೆಯಲ್ಲಿ ಪಾಠ. ಕೆಲಸ ಅತ್ತೆಯ ಪಾಲಿಗೆ ಬಂತು. ಅವರು ಗವಸು ಹೊಲಿದದ್ದನ್ನು ನೋಡಬೇಕಿತ್ತು! ಮೆತ್ತನೆಯ ಹತ್ತಿಬಟ್ಟೆ, ಒಳಗೆ ಅಸ್ತರು, ಮಣಿಕಟ್ಟಿಗೆ ಎಲಾಸ್ಟಿಕ್ಕು, ಮೇಲೆ ಬಣ್ಣದ ದಾರದಲ್ಲಿ ಒಂದು ಬಾತುಕೋಳಿ. ಪ್ರತಿ ಸಂಜೆ ವಾರಗಿತ್ತಿ ಟಿಕೆಟ್ ಚೀಲ ಇಳಿಸುವ ಮೊದಲೇ, "ಹಾಕಿದ್ರಾ ಅತ್ತೆ?" ಎಂದು ಕೇಳುತ್ತಿದ್ದಳು. "ಹಾಕ್ದೆ ಕಣಮ್ಮ" ಎನ್ನುತ್ತಿದ್ದರು. ಸುಳ್ಳಲ್ಲ, ಹಾಕುತ್ತಿದ್ದರು. ವಾರಕ್ಕೊಂದು ದಿನ ಬಿಡುವು ಕೊಡಿ ಎಂದಿದ್ದರು ಮೇಡಂ. ಹಾಳು ಗ್ರಹಚಾರ, ವಾರಗಿತ್ತಿಗೂ ನನಗೂ ರಜೆ ಇದ್ದದ್ದು ಅದೇ ದಿನ.

ಮೂರು ತಿಂಗಳಾದ ಮೇಲೆ ಮೂವರೂ ಮಗುವನ್ನು ಕರೆದುಕೊಂಡು ಹೋದೆವು. ಗಿಲಕಿ ತೋರಿಸಿದರೆ ಬಲಗೈ ಹಾರಿ ಬಂತು. ಎಡಗೈ ಮೊದಲಿಗಿಂತ ಬಿಗಿಯಾಗಿತ್ತು. ಮೇಡಂ ಗವಸು ಕೇಳಿ ಪಡೆದು, ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಇದು ಹೊಸದಾ?"

"ಅದೇ ಮೊದಲಿಂದು" ಎಂದರು ಅತ್ತೆ, ಹೆಮ್ಮೆಯಿಂದ.

"ಚೆನ್ನಾಗಿರೋ ಕೈ ಸೀದಾ ಬಾಯಿಗೆ ಹೋಗುತ್ತೆ. ಜೊಲ್ಲಲ್ಲಿ ನೆಂದು, ತೊಳೆದು ತೊಳೆದು ಇದು ಚಿಂದಿ ಆಗಿರ್ಬೇಕಿತ್ತು. ಬಾತುಕೋಳಿ ಬಣ್ಣ ಕೂಡ ಹೋಗಿಲ್ಲ. ಯಾವ ಕೈಗೆ ಹಾಕ್ತಿದ್ರಿ ಅಮ್ಮ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಬಲಗೈಗೆ ಹಾಕಿದ್ರೆ ಉಸಿರು ಕಟ್ಟೋ ಹಾಗೆ ಅಳ್ತಿತ್ತು. ಇರೋ ಒಂದು ಕೈನೂ ಕಟ್ಟಿಹಾಕೋದಾ ಅನ್ನಿಸ್ತು. ಅದಕ್ಕೆ ಎಡಗೈಗೆ ಹಾಕ್ದೆ. ಬೆಚ್ಚಗೂ ಇರುತ್ತೆ. ಬಟ್ಟೆ ಕೊಡೋಕೆ ಬರೋರು ಆ ಮುಷ್ಟಿ ನೋಡಿ ಕೇಳೋದೂ ತಪ್ಪುತ್ತೆ."

ವಾರಗಿತ್ತಿ ಮಗುವನ್ನು ಎತ್ತಿಕೊಂಡು ಹೊರಟಳು. ನನಗೆ ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ಅತ್ತೆಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಮನೆಗೆ ಬಂದವರೊಬ್ಬರು ಮಿಂಚಿಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎಂದರು. ಗಾದೆ ಹೇಳುವವರ ಗಂಟೇನು ಹೋಗುತ್ತದೆ?

ಆಮೇಲೆ ವಾರಗಿತ್ತಿ ಸಂಬಳವಿಲ್ಲದ ರಜೆ ಹಾಕಿ ತಾನೇ ಕೂತಳು. ಗವಸು ಬಲಗೈಗೆ ಬಂತು, ನೆಂದು ಹರಿದೂ ಹೋಯಿತು. ಎಡಗೈ ಕಾಗದವನ್ನು ಒತ್ತಿ ಹಿಡಿಯುವಷ್ಟು ಕಲಿಯಿತು, ಅಲ್ಲಿಗೇ ನಿಂತಿತು. ಆ ಮೂರು ತಿಂಗಳು ಸಿಕ್ಕಿದ್ದರೆ ಬೆರಳು ಬಿಡಿಸುತ್ತಿತ್ತೋ ಇಲ್ಲವೋ, ಮೇಡಂಗೂ ಗೊತ್ತಿಲ್ಲ. ಆ ಗೊತ್ತಿಲ್ಲದ್ದನ್ನೇ ವಾರಗಿತ್ತಿ ದಿನಾ ನುಂಗಿಕೊಂಡು ಬಸ್ಸು ಹತ್ತುತ್ತಾಳೆ.

ಹುಡುಗಿಗೆ ಈಗ ನಾಲ್ಕು ವರ್ಷ. ಹೋದ ತಿಂಗಳು ಅತ್ತೆ ಅವಳಿಗೊಂದು ಫ್ರಾಕು ಹೊಲಿದರು. ಎಡಗಡೆ ಮಾತ್ರ ಒಂದು ದೊಡ್ಡ ಜೇಬು. ಹುಡುಗಿ ಬಲಗೈಯಿಂದ ಎಡಗೈಯನ್ನು ಎತ್ತಿ ಜೇಬಿಗಿಳಿಸಿ ತಾಯಿಯ ಮುಂದೆ ನಿಂತಳು.

"ನೋಡಮ್ಮ, ಈಗ ಯಾರ್ಗೂ ಕಾಣಲ್ಲ. ಅಜ್ಜಿ ಹೇಳ್ಕೊಟ್ರು."

ವಾರಗಿತ್ತಿ ಫ್ರಾಕು ಬಿಚ್ಚಿಸಿದಳು. ಮಿಷನ್ನಿನ ಮೇಲಿದ್ದ ಬ್ಲೇಡು ತೆಗೆದುಕೊಂಡು, ಅತ್ತೆಯ ಎದುರಿಗೇ ಕೂತು, ಜೇಬಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. "ನನ್ನ ಮಗೂಗೆ ಇನ್ನು ಏನೂ ಹೊಲೀಬೇಡಿ ಅತ್ತೆ" ಎಂದಳು.

ಹುಡುಗಿ ಕೆಳಗೆ ಬಿದ್ದ ಜೇಬಿನ ಬಟ್ಟೆಯನ್ನು ಹೆಕ್ಕಿಕೊಂಡು, ಎಡಗೈಯ ಮೇಲೆ ಹೊದಿಸಿಕೊಳ್ಳಲು ನೋಡುತ್ತಿದ್ದಳು.