ಜಪಾನಿಗೆ ಹೊರಟ ಕಾಚಂಪುಳಿ

ಕಳೆದ ಭಾನುವಾರ ಮೀನು ತಂದಿದ್ದೆ. ಮೀನು ಸಾರಿಗೆ ಹುಳಿ ಅಂದರೆ ಕಾಚಂಪುಳಿಯೇ ಆಗಬೇಕು ಅನ್ನುವ ಹಟ ನನ್ನದು. ಮನೆಯಲ್ಲಿದ್ದದ್ದು ಮುಗಿದಿತ್ತು. ಕುಶಾಲನಗರದ ಅಂಗಡಿಯಿಂದ ಹೊಸ ಬಾಟಲಿ ತಂದು ಮುಚ್ಚಳ ತಿರುಗಿಸಿದೆ. ಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಇಳಿಸಿದ ಆ ಹುಳಿಯ ವಾಸನೆ ಮೂಗಿಗೆ ಏರಿದ್ದೇ ತಡ, ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹುಳಿ, ಹೊಗೆ, ಅದರಡಿ ಎಲ್ಲೋ ಸ್ವಲ್ಪ ಸಿಹಿ... ಅಂಗಡಿಯದು ನೀರು ನೀರಾಗಿತ್ತು, ಅದು ಬೇರೆ ಮಾತು. ಅಮ್ಮತ್ತಿಯ ನಮ್ಮ ಪಕ್ಕದ ಮನೆಯ ಆಂಟಿ ನೋಡಿದ್ದರೆ ಇದನ್ನು ಕಾಫಿ ಲೋಟ ತೊಳೆದ ನೀರು ಎಂದು ಹೊರಗೆ ಚೆಲ್ಲುತ್ತಿದ್ದರು.

ನನ್ನ ಅಪ್ಪ ಕೊಡಗಿನ ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಪಿಕ್ಕಿಂಗ್ ತೂಕ ಬರೆಯುವ ಕೆಲಸ. ಹಾಸನದ ಕಡೆಯಿಂದ ಬಂದ ನಾವು ಬಾಡಿಗೆಗಿದ್ದ ಮನೆಗೂ ಆಂಟಿಯ ಮನೆಗೂ ನಡುವೆ ಒಂದು ದಾಸವಾಳದ ಬೇಲಿ. ಅವರು ಕೊಡವರು. ನನ್ನನ್ನು ‘ಕುಂಞಿ’ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಮಗು ಎಂದರ್ಥ. ನನಗೆ ಆಗಲೇ ಹದಿನೇಳಾಗಿದ್ದರೂ ಆ ಕರೆ ಬದಲಾಗಲಿಲ್ಲ. ಅಂಕಲ್ ಒಬ್ಬರಿದ್ದರು, ಆದರೆ ಆ ಮನೆಯ ಮಾತೆಲ್ಲ ಆಂಟಿಯದೇ. ಮಳೆಗಾಲದಲ್ಲಿ ಕಾಚಂಪುಳಿ ಕಾಯಿಸಿ ಮಾರುವುದು ಅವರ ಕೈಖರ್ಚಿನ ದಾರಿ.

ಅವರು ಹುಡುಗಿಯಾಗಿದ್ದಾಗ ಹಾಕಿಯಲ್ಲಿ ಗೋಲ್‌ಕೀಪರ್ ಆಗಿದ್ದವರು. ಕೊಡಗಿನಲ್ಲಿ ಇದೇನು ದೊಡ್ಡ ಸುದ್ದಿಯಲ್ಲ, ಇಲ್ಲಿ ಕೋಲು ಹಿಡಿಯದ ಮನೆ ಹುಡುಕಬೇಕು. ಆದರೆ ಆಂಟಿ ರಾಜ್ಯ ತಂಡದ ಕ್ಯಾಂಪಿನವರೆಗೆ ಹೋಗಿದ್ದರಂತೆ. ಅಲ್ಲಿ ಮಂಡಿ ತಿರುಚಿತು. ಸ್ವಲ್ಪ ದಿನ ಬೆಂಚಲ್ಲಿ ಕೂತಿರು ಎಂದರಂತೆ. ಕೂತರು. ಆಮೇಲೆ ಮದುವೆ... ಅವರ ಹಳೆಯ ಲೆಗ್‌ಗಾರ್ಡ್ ಎರಡೂ ಸೌದೆ ಕೊಟ್ಟಿಗೆಯ ಅಟ್ಟದ ಮೇಲೆ ಬಿದ್ದಿದ್ದವು. ಅದರಲ್ಲೊಂದನ್ನು ಅವರ ಕೆಂಪು ಕೋಳಿ ಮೊಟ್ಟೆಯಿಡಲು ಆರಿಸಿಕೊಂಡಿತ್ತು. “ನನಗಿಂತ ಅದೇ ಒಳ್ಳೆ ಕೀಪರ್, ಒಂದೂ ಹೊರಗೆ ಬಿಡುದಿಲ್ಲ” ಎಂದು ನಗುತ್ತಿದ್ದರು.

ನನ್ನ ಕೈಗೆ ಆಗ ತಾನೇ ಫೋನ್ ಬಂದಿತ್ತು, ಮಾಂಗಾ ಹುಚ್ಚು ಹಿಡಿದಿತ್ತು. ಮಾಂಗಾ ಅಂದರೆ ಜಪಾನಿನವರ ಚಿತ್ರಕಥೆ, ವಾರವಾರ ಅಥವಾ ತಿಂಗಳಿಗೊಮ್ಮೆ ಪತ್ರಿಕೆಯಲ್ಲಿ ಬಂದು ಆಮೇಲೆ ಪುಸ್ತಕವಾಗುವಂಥದ್ದು. ಯಾರೋ ಪುಣ್ಯಾತ್ಮರು ಅದನ್ನು ಸ್ಕ್ಯಾನ್ ಮಾಡಿ, ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ವೆಬ್‌ಸೈಟಿಗೆ ಹಾಕುತ್ತಿದ್ದರು. ನಾವೆಲ್ಲ ಪುಕ್ಕಟೆ ಓದುತ್ತಿದ್ದೆವು. ಒಂದು ಮಧ್ಯಾಹ್ನ ಆಂಟಿ ಹಂಡೆಯ ಮುಂದೆ ಕೂತು ಹುಳಿ ಕಾಯಿಸುತ್ತಿದ್ದಾಗ ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಫೋನ್ ನೋಡುತ್ತಿದ್ದೆ. ಅವರು ಸೌದೆ ತಳ್ಳಲು ಬಗ್ಗಿದವರು ಹಾಗೇ ಇಣುಕಿದರು. ಪರದೆಯಲ್ಲಿ ಒಬ್ಬ ಹುಡುಗಿ, ಕಾಲಿಗೆ ದಪ್ಪ ಪ್ಯಾಡ್, ಬೆನ್ನ ಹಿಂದೆ ಗೋಲಿನ ಬಲೆ. ಚೆಂಡು ಮೈದಾನದ ಆ ತುದಿಯಲ್ಲಿದೆ. ಅವಳೊಬ್ಬಳೇ ಈ ತುದಿಯಲ್ಲಿ ನಿಂತು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಾಳೆ.

“ಇದು ಯಾರು ಬರೆದದ್ದು?” ಎಂದರು ಆಂಟಿ. “ಹೀಗೆ ಒಬ್ಬಳೇ ನಿಂತು ಗೊತ್ತುಂಟು ಇವಳಿಗೆ.”

ಅವರ ಊಹೆ ಸುಳ್ಳಾಗಲಿಲ್ಲ. ಬರೆಯುವವಳು ಶಾಲೆಯಲ್ಲಿ ಗೋಲ್‌ಕೀಪರ್ ಆಗಿದ್ದಳೆಂದು ಅಧ್ಯಾಯದ ಕೊನೆಯಲ್ಲಿ ಅವಳೇ ಹೇಳಿಕೊಂಡಿದ್ದಳು. ಅಂದಿನಿಂದ ನಮ್ಮ ಓದು ಶುರುವಾಯಿತು. ಮೀನುಗಾರರ ಊರಿನ ಹುಡುಗಿಯರ ಒಂದು ಹಾಕಿ ತಂಡ, ಅದರ ಕೀಪರ್ ಹುಡುಗಿಯ ಕಥೆ ಅದು. ನಾನು ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವುದು, ಆಂಟಿ ಸೌಟು ತಿರುಗಿಸುತ್ತಾ ಕೇಳುವುದು. ಎದುರಾಳಿ ತಂಡದ ಫಾರ್ವರ್ಡ್ ಹುಡುಗಿಯನ್ನು ಅವರು ಬೈಯುತ್ತಿದ್ದ ಬೈಗುಳ ಕೇಳಿ ಅಂಕಲ್ ಒಳಗಿನಿಂದ ಎದ್ದು ಬಂದು ಯಾರ ಜೊತೆ ಜಗಳ ಎಂದು ನೋಡಿದ್ದೂ ಉಂಟು.

ಒಂದು ದಿನ, ಪುಟ ತೆರೆಯುವಾಗ ಬಂದ ಜಾಹೀರಾತನ್ನು ನೋಡಿ ಅವರು ತಡೆದರು. ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತು.

“ಇವನು ಎಂತಕ್ಕೆ ನಡುವಲ್ಲಿ ಬರುದು?”

“ವೆಬ್‌ಸೈಟಿನವ್ರಿಗೆ ಅದ್ರಿಂದ ದುಡ್ಡು ಬರುತ್ತೆ ಆಂಟಿ.”

“ಬರೆದವಳಿಗೆ?”

“ಅವ್ಳಿಗೇನಿಲ್ಲ. ಇದು ಫ್ರೀ ಅಲ್ವಾ.”

ಆಂಟಿ ಸೌಟನ್ನು ಹಂಡೆಯ ಅಂಚಿಗೆ ಒರಗಿಸಿಟ್ಟರು. ಬೋಳುಮಂಡೆಯವನ ಹೆಸರಲ್ಲಿ ಇನ್ಯಾರಿಗೋ ದುಡ್ಡು, ರಾತ್ರಿ ಹಗಲು ಕೂತು ಗೆರೆ ಎಳೆದವಳಿಗೆ ಏನೂ ಇಲ್ಲ ಎನ್ನುವುದು ಅವರ ತಲೆಗೆ ಹತ್ತಲೇ ಇಲ್ಲ. ಹುತ್ತರಿ ಹಬ್ಬ ಕಳೆದ ಮೇಲೆ ದುಡಿ ಬಡಿಯುತ್ತಾ ಮನೆಮನೆಗೆ ಹಾಡಿಕೊಂಡು ಬರುವವರನ್ನು ನಾನೂ ನೋಡಿದ್ದೆ. ಅವರಿಗೆ ಕೊಡದೆ ಕಳಿಸುವ ಮನೆಯಿಲ್ಲ. “ಜಗಲಿಯಲ್ಲಿ ಕೂತು ಹಾಡು ಪೂರ್ತಿ ಕೇಳಿ, ಆಮೇಲೆ ಬಾಗಿಲು ಹಾಕಿಕೊಂಡ ಹಾಗಾಯ್ತು ಕುಂಞಿ ಇದು” ಎಂದರು. ಕೊಟ್ಟರೆ ಅವರು ಮನೆಯ ಹೆಸರು ಹಿಡಿದು ಹರಸಿ ಹಾಡುತ್ತಾರೆ, ಆ ಹಾಡು ಕೇಳದ ವರ್ಷ ವರ್ಷವೇ ಅಲ್ಲ ಎಂದೂ ಹೇಳಿದರು. ನನಗೆ ಆಗ ನಗು ಬಂದಿತ್ತು. ಜಪಾನಿಗೂ ದುಡಿಗೂ ಎಲ್ಲಿಂದೆಲ್ಲಿಗೆ!

ಅದೇ ಸಮಯಕ್ಕೆ ಕಥೆಯಲ್ಲಿ ಕೀಪರ್ ಹುಡುಗಿಯ ಮಂಡಿಗೆ ಪೆಟ್ಟಾಯಿತು. ಅವಳು ಬೆಂಚಿನಲ್ಲಿ ಕೂತಳು. ಆ ಪುಟ ಬಂದ ದಿನ ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡು ಹೊಗೆ ಎಂದರು. ಅದರ ಬೆನ್ನಿಗೇ ಇನ್ನೊಂದು ಸುದ್ದಿ. ಪುಸ್ತಕ ಸರಿಯಾಗಿ ಮಾರಾಟವಾಗುತ್ತಿಲ್ಲ, ಹೊಸ ಸಂಪುಟವೂ ಹೋಗದಿದ್ದರೆ ಪತ್ರಿಕೆ ಕಥೆಯನ್ನು ನಿಲ್ಲಿಸುತ್ತದೆ. ಓದುಗರ ಗುಂಪಿನಲ್ಲಿ ಗದ್ದಲವೋ ಗದ್ದಲ. ಬ್ರೆಜಿಲಿನವನೊಬ್ಬ, ಮನಿಲಾದವಳೊಬ್ಬಳು, ಎಲ್ಲರದೂ ಒಂದೇ ಮಾತು: ಪುಕ್ಕಟೆ ಓದಿದ್ದು ಸಾಕು, ಪುಸ್ತಕ ಕೊಳ್ಳಿ, ಬಂದ ಮೊದಲ ವಾರಗಳಲ್ಲೇ ಕೊಳ್ಳಿ. ಇಂಗ್ಲಿಷಿನಲ್ಲಿ ಬಂದೇ ಇಲ್ಲವಲ್ಲ ಎಂದರೆ, ಜಪಾನಿಯದ್ದನ್ನೇ ಕೊಳ್ಳಿ, ಓದಲು ಬಾರದಿದ್ದರೇನು.

ನಾನು ಇದನ್ನು ತಮಾಷೆಯೆಂದು ಹೇಳಿದೆ. ಆಂಟಿ ಮರುದಿನ ಸೀರೆ ಉಟ್ಟು, ನನ್ನನ್ನೂ ಎಳೆದುಕೊಂಡು ಬ್ಯಾಂಕಿಗೆ ಹೊರಟರು. ಕಾರ್ಡು ಹೊರದೇಶದಲ್ಲೂ ನಡೆಯುವಂತೆ ಮಾಡಿಕೊಡಿ ಎಂದಾಗ ಅಲ್ಲಿನ ಅಧಿಕಾರಿ ಗಾಬರಿಯಾದರು. “ಅಮ್ಮಾ, ಯಾರಾದ್ರೂ ಫೋನ್ ಮಾಡಿ ಹೀಗೆ ಮಾಡಿ ಅಂದ್ರಾ? ಈಗ ಮೋಸ ಜಾಸ್ತಿ.”

“ಮೋಸ ಆಗ್ತಾ ಇರುದು ಅವಳಿಗೆ, ನನಗಲ್ಲ” ಎಂದರು ಆಂಟಿ.

ಪುಸ್ತಕ ಬಂತು. ಒಂದಲ್ಲ, ಒಂದು ಕಟ್ಟು. ತಮಗೊಂದು, ನನಗೊಂದು, ಉಳಿದವು ಶಾಲೆಯ ಹಾಕಿ ಹುಡುಗಿಯರಿಗೆ. ಒಂದಕ್ಷರ ಯಾರಿಗೂ ಬಾರದು. ಬಲಗಡೆಯಿಂದ ಓದಬೇಕೆಂದು ನಾನು ಹೇಳಿಕೊಟ್ಟ ಮೇಲೆ ಆಂಟಿ ರೊಟ್ಟಿ ಬೇಯುವಷ್ಟು ಹೊತ್ತು ಸಿಕ್ಕರೂ ಅದನ್ನು ಹಿಡಿದು ಕೂರುತ್ತಿದ್ದರು. ಆದರೆ ಅವರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಹಾಡುವವರಿಗೆ ಬರೀ ದುಡ್ಡು ಕೊಟ್ಟು ಕಳಿಸುವುದುಂಟೇ? ಮನೆಯದ್ದು ಏನಾದರೂ ಹೋಗಬೇಕು. ಹೋಗಬೇಕಾದದ್ದು ಯಾವುದು ಎನ್ನುವುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಪತ್ರಿಕೆಯ ವಿಳಾಸಕ್ಕೆ ಕಳಿಸೋಣವೆಂದರೆ, ಅಂಚೆಯಲ್ಲಿ ದ್ರವ ತೆಗೆದುಕೊಳ್ಳುವುದಿಲ್ಲ ಎಂದರು. ಆಂಟಿ ಸೋಲುವವರಲ್ಲ. ಕಾಚಂಪುಳಿಯನ್ನು ಮತ್ತೆ ಒಲೆಗಿಟ್ಟು, ಕುದಿಸಿ ಕುದಿಸಿ ಪಾಕದ ಹಾಗೆ ಮಾಡಿ, ಬಾಯಿ ಅಗಲದ ಬಾಟಲಿಗೆ ಸುರಿದು ಗಟ್ಟಿಯಾಗಲು ಬಿಟ್ಟರು. ತಲೆಗೆ ಕಟ್ಟಿಕೊಳ್ಳುತ್ತಿದ್ದ ಕೆಂಪು ಗೀಟಿನ ವಸ್ತ್ರದಿಂದ ಒಂದು ಚೂರು ಹರಿದು ಮುಚ್ಚಳದ ಮೇಲೆ ಬಿಗಿದರು. ಕಿಟಕಿಯಲ್ಲಿದ್ದ ಗುಮಾಸ್ತರ ಮುಂದೆ ಬಾಟಲಿಯನ್ನು ತಲೆಕೆಳಗು ಮಾಡಿ ತೋರಿಸಿದರು, ಒಂದು ಹನಿ ಅಲುಗಲಿಲ್ಲ. ಬೆಲ್ಲವಾ ಎಂದು ಕೇಳಿದರು ಅವರು. ಹುಳಿ ಬೆಲ್ಲ ಎಂದರು ಆಂಟಿ.

ಅದು ಎಲ್ಲಿಯವರೆಗೆ ಹೋಗಿತ್ತೋ, ಯಾವ ಗೋದಾಮಿನ ಬಿಸಿಗೆ ಕೂತಿತ್ತೋ... ಬೇಸಿಗೆಯ ಒಂದು ಬೆಳಿಗ್ಗೆ ವಾಪಸ್ ಬಂತು. ಪೋಸ್ಟ್‌ಮ್ಯಾನ್ ಅದನ್ನು ಮೈಯಿಂದ ದೂರ ಹಿಡಿದುಕೊಂಡೇ ಗೇಟು ದಾಟಿದರು. ಒಳಗಿನ ಹುಳಿ ಕರಗಿ ಸೋರಿ ಡಬ್ಬಿಯ ಮೂಲೆಯೆಲ್ಲ ಕಪ್ಪಾಗಿತ್ತು. ಅಂಚೆ ಕಚೇರಿಯಲ್ಲಿ ಬೆಳಿಗ್ಗೆಯಿಂದ ಬಂದವರೆಲ್ಲ, ಇವತ್ತು ಯಾರ ಮನೆಯಲ್ಲಿ ಹಂದಿ ಸಾರು ಎಂದು ಕೇಳುತ್ತಿದ್ದಾರಂತೆ, ಅದಕ್ಕೂ ಇದೇ ಹುಳಿಯಲ್ಲವೇ. ನಾನು ಹೊಟ್ಟೆ ಹಿಡಿದು ನಕ್ಕೆ. ಆಂಟಿಯೂ ನಕ್ಕರು, ಆದರೆ ಅವರ ಮುಖ ಸಣ್ಣಗಾದದ್ದು ಕಂಡಿತು. ಅವರನ್ನು ಆ ಬಾಟಲಿ ಹಿಡಿಸಿ ನಿಲ್ಲಿಸಿ ಫೋಟೋ ತೆಗೆದೆ, ಎರಡು ಸಾಲು ಬರೆದು ಅದನ್ನು ಬರೆಯುವವಳ ಆನ್‌ಲೈನ್ ಪುಟಕ್ಕೆ ಕಳಿಸಿದೆ. ಎಷ್ಟೋ ದಿನದ ಮೇಲೆ ಉತ್ತರ ಬಂತು. ತುಂಬ ನಕ್ಕೆ, ಕ್ಷಮಿಸಿ, ಅದರ ವಾಸನೆ ಹೇಗಿರುತ್ತದೆ ಎಂದು ಕೇಳಿದ್ದಳು. ಆಂಟಿ ಯೋಚಿಸಿ ಯೋಚಿಸಿ ಹೇಳಿದ್ದು: “ನಮ್ಮ ಮನೆ ಹಾಗೆ ಅಂತ ಬರಿ.” ಹಾಗೆಯೇ ಬರೆದೆ.

ಅಷ್ಟರಲ್ಲಿ ಪತ್ರಿಕೆ ಕಥೆಯನ್ನು ನಿಲ್ಲಿಸಿತ್ತು. ನಾವೆಲ್ಲ ಕೊಂಡದ್ದು ಸಾಲಲಿಲ್ಲ. ಹುಡುಗಿ ಬೆಂಚಿನಲ್ಲೇ ಉಳಿದಳು. “ನನ್ನನ್ನೂ ಹೀಗೇ ಕೂರಿಸಿದ್ದು” ಎಂದರು ಆಂಟಿ, ಇಷ್ಟು ವರ್ಷದಲ್ಲಿ ಅದೊಂದೇ ಸಲ. “ಮಂಡಿ ಸರಿಯಾಯ್ತಾ ಅಂತ ಆಮೇಲೆ ಒಬ್ಬರೂ ಕೇಳಲಿಲ್ಲ.” ಬೇಲಿಯಾಚೆಯಿಂದ ಅಮ್ಮ ಕರೆಯುತ್ತಿದ್ದಳು, ಆದರೂ ಅಲ್ಲೇ ಕೂತಿದ್ದೆ.

ಕೆಲವು ತಿಂಗಳ ಮೇಲೆ ಅವಳೇ ದಾರಿ ಹುಡುಕಿಕೊಂಡಳು. ಪತ್ರಿಕೆಯ ಹಂಗಿಲ್ಲದೆ ತಾನೇ ಬರೆದು ಮುಗಿಸುತ್ತೇನೆ, ಓದುಗರು ತಿಂಗಳು ತಿಂಗಳು ಕೈಲಾದಷ್ಟು ಕಳಿಸಿದರೆ ಸಾಕು ಎಂದು ಹಾಕಿದ್ದಳು. ಆಂಟಿ ಅಂದೇ ಸೇರಿದರು. ತಿಂಗಳಿಗೆ ಒಂದು ಬಾಟಲಿ ಕಾಚಂಪುಳಿ ಅವಳ ಹೆಸರಿನದು, ಅದನ್ನು ಮಾರಿ ಬಂದ ದುಡ್ಡು ಅವಳಿಗೆ. ಮನೆಗೆ ಹುಳಿ ತೀರಿದರೂ ಆ ಬಾಟಲಿಯನ್ನು ಮುಟ್ಟಲು ಅಂಕಲ್‌ಗೆ ಅಪ್ಪಣೆಯಿರಲಿಲ್ಲ. ಅಧ್ಯಾಯಗಳು ನಿಧಾನ ಬರುತ್ತಿದ್ದವು, ಅವಳೊಬ್ಬಳೇ ಬರೆಯಬೇಕಲ್ಲ. ಮಂಡಿಗೆ ಆಪರೇಷನ್ ಆಯಿತು. ಹುಡುಗಿ ಗೋಡೆ ಹಿಡಿದು ನಡೆದಳು. ನಾನು ಕೆಲಸಕ್ಕೆಂದು ಕುಶಾಲನಗರಕ್ಕೆ ಬಂದ ಮೇಲೆ ಫೋನಿನಲ್ಲಿ ಓದಿ ಹೇಳುತ್ತಿದ್ದೆ.

ಆಂಟಿಗೆ ಕಾಯಿಲೆ ಎಂದು ತಿಳಿಯುವಷ್ಟರಲ್ಲಿ ಅದು ಬಲಿತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ನೋಡಿದಾಗ ಆ ದೊಡ್ಡ ದೇಹಕ್ಕೆ ಹಾಸಿಗೆಯ ಒಂದು ಬದಿಯೇ ಸಾಕಾಗಿತ್ತು. ಕೇಳಿದ್ದು ಒಂದೇ.

“ನಿಂತಳಾ ಅವಳು? ಗೋಲಲ್ಲಿ?”

ಇನ್ನೂ ಇಲ್ಲ. ಆ ಅಧ್ಯಾಯ ಬಂದಿರಲಿಲ್ಲ. ಆದರೆ ಆ ಮುಖ ನೋಡಿ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. “ನಿಂತ್ಲು ಆಂಟಿ” ಎಂದೆ.

“ಹೌದಾ? ಪಟ ತೋರಿಸು.”

ನಾನು ಫೋನನ್ನು ಚೀಲದೊಳಗೆ ಹಾಕಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. “ಸಾರ ಇಲ್ಲ ಕುಂಞಿ, ಪರವಾಗಿಲ್ಲ. ನೀನು ಕೊಡುದು ನಿಲ್ಲಿಸಬೇಡ. ಅರ್ಧ ಹಾಡಿಗೆ ಕಳಿಸಬಾರದು.”

ಆಂಟಿ ಹೋದ ಮೇಲೆ ಆ ಬಾಟಲಿಯ ದುಡ್ಡು ಕಳಿಸುವ ಪಾಲು ನನ್ನದಾಯಿತು. ನಾನು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುವವಳು. ಒಂದು ಫೋಟೋ, ನಾಲ್ಕಕ್ಷರ ಹಾಕುವುದಕ್ಕೂ ದುಡ್ಡಾ ಎಂದು ಗಿರಾಕಿಗಳು ಕೇಳಿದಾಗಲೆಲ್ಲ ಆಂಟಿ ನೆನಪಾಗುತ್ತಾರೆ, ಗಿರಾಕಿಯ ಪುಣ್ಯ ಅವರು ಅಲ್ಲಿಲ್ಲ. ಈ ಮಳೆಗಾಲದಲ್ಲಿ ಕೊನೆಯ ಅಧ್ಯಾಯ ಬಂತು. ನಾನು ತೆರೆಯಲಿಲ್ಲ. ಓದಿ ಹೇಳಲು ಯಾರೂ ಇಲ್ಲದೆ ಅದನ್ನು ಹೇಗೆ ಓದುವುದೆಂದು ತಿಳಿಯದೆ ವಾರಗಟ್ಟಲೆ ಹಾಗೇ ಬಿಟ್ಟಿದ್ದೆ.

ಭಾನುವಾರ, ಆ ನೀರು ನೀರಾದ ಕಾಚಂಪುಳಿಯ ವಾಸನೆ ಮೂಗಿನಲ್ಲಿರುವಾಗಲೇ, ಒಲೆ ಆರಿಸಿ ಫೋನ್ ತೆಗೆದೆ. ಹಳೆಯ ಅಭ್ಯಾಸ, ಗಟ್ಟಿಯಾಗಿ ಕನ್ನಡ ಮಾಡಿಕೊಂಡೇ ಓದಿದೆ. ಹುಡುಗಿ ಪ್ಯಾಡ್ ಕಟ್ಟುತ್ತಾಳೆ. ಮೈದಾನಕ್ಕೆ ಇಳಿಯುತ್ತಾಳೆ. ಕೊನೆಯ ಪುಟದಲ್ಲಿ ಮಾತೇ ಇಲ್ಲ. ಅವಳು ಗೋಲಿನಲ್ಲಿ ನಿಂತಿದ್ದಾಳೆ, ಚೆಂಡು ಆ ತುದಿಯಲ್ಲಿದೆ. ಕೀಪರುಗಳು ನೀರಿನ ಬಾಟಲಿ ಇಡುವ ಜಾಗದಲ್ಲಿ, ಗೋಲ್ ಕಂಬದ ಬುಡದಲ್ಲಿ, ಬಾಯಿ ಅಗಲದ ಒಂದು ಕಪ್ಪು ಬಾಟಲಿ. ಮುಚ್ಚಳದ ಮೇಲೆ ಗೀಟಿನ ಬಟ್ಟೆಯ ಚೂರು ಬಿಗಿದಿದೆ.

“ನಿಂತ್ಲು ಆಂಟಿ” ಎಂದೆ. ಈ ಸಲ ಪಟವಿತ್ತು. ಹಾಡುವವಳು ಮನೆಯ ಹೆಸರು ಹಿಡಿದು ಹಾಡಿದ್ದಳು, ಕೇಳಬೇಕಾದವರು ಇರಲಿಲ್ಲ.