ಮಲ್ಲಮ್ಮನ ಬೆನ್ನು

ಕಳೆದ ವಾರ ನಮ್ಮ ಆಸ್ಪತ್ರೆಗೆ ರಬ್ಬರಿನ ಬೆನ್ನೊಂದು ಬಂತು. ಪೆಟ್ಟಿಗೆ ಬಿಚ್ಚಿದೊಡನೆ ಹೊಸ ಚಪ್ಪಲಿ ಅಂಗಡಿಯ ವಾಸನೆ. ಬೆನ್ನುಮೂಳೆಗೆ ಸೂಜಿ ಹಾಕುವುದನ್ನು ರೆಸಿಡೆಂಟ್ ಡಾಕ್ಟರುಗಳು ಇನ್ನು ಇದರ ಮೇಲೆ ಕಲಿಯಬೇಕಂತೆ. ಕಲಿಸುವ ಮಹಾಶಯ ನಾನು. ನಿಮ್ಮ ಕಾಲದಲ್ಲಿ ಯಾವುದರ ಮೇಲೆ ಕಲಿತಿರಿ ಸರ್ ಎಂದು ಅವರಲ್ಲೊಬ್ಬ ಹುಡುಗಿ ಕೇಳಿದಳು. ಕೇಳಿಸದವನ ಹಾಗೆ ಚಹಾ ಕುಡಿಯಲು ಹೋಗಿಬಿಟ್ಟೆ.

ನಿಮಗೆ ಹೇಳುತ್ತೇನೆ. ನಾನು ಕಲಿತದ್ದು ಮಲ್ಲಮ್ಮನ ಮೇಲೆ. ಯಾದಗಿರಿ ಕಡೆಯವಳು, ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದು, ಇಟ್ಟಿಗೆ ಹೊತ್ತು ಹೊತ್ತು ಸೊಂಟದಿಂದ ಹಿಮ್ಮಡಿಯವರೆಗೆ ನೋವು ಹಿಡಿಸಿಕೊಂಡಿದ್ದಳು. ವಾರ್ಡಿನಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ. ಹಾಗಾಗಿ ನೋವಿಳಿಸಲು ಬೆನ್ನಿಗೆ ಹಾಕುವ ಸೂಜಿಯ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಕೆಲಸ ನನ್ನ ಪಾಲಿಗೆ ಬಿತ್ತು.

"ತಮ್ಮಾ, ಹೊಸಬರ ಕೈಯಾಗ ನನ್ನ ಕೊಡಬ್ಯಾಡಪಾ. ಕಾಲು ಹೋದ್ರ ಮುಗದೇ ಹೋತು ನಂದು."

"ಇಲ್ಲವ್ವಾ, ದೊಡ್ಡ ಡಾಕ್ಟರೇ ಮಾಡ್ತಾರ. ನಾ ಬಾಜೂಕ ಇರ್ತೀನಿ."

ನಮ್ಮಲ್ಲಿ ಒಂದು ಪದ್ಧತಿಯಿತ್ತು. ರೋಗಿ ಬೋರಲು ಮಲಗಿರುತ್ತಾರಲ್ಲ, ಹಿಂದೆ ಯಾರಿದ್ದಾರೆಂದು ಕಾಣುವುದಿಲ್ಲ. ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತು ಮಾತಾಡುತ್ತಿರುತ್ತಿದ್ದರು. ಸೂಜಿ ಕಲಿಯುವವನ ಕೈಯಲ್ಲಿ. ಅವನು ಮಾತ್ರ ತುಟಿ ಪಿಟಕ್ಕೆನ್ನುವಂತಿಲ್ಲ. ಅಂದಿನ ಸರದಿ ನನ್ನದು, ಅದೂ ಮೊದಲ ಸಲ. ಅದು ಗೊತ್ತಿದ್ದೇ ಅವಳಿಗೆ ಹಾಗೆ ಹೇಳಿದ್ದೆ.

ಮೂರು ಸಲ ಸೂಜಿ ಎಲುಬಿಗೆ ತಾಗಿತು. ಸರ್ ಮರಾಠಿಯಲ್ಲಿ "ಝಾಲಂ, ಝಾಲಂ," ಆಯ್ತು ಆಯ್ತು, ಅನ್ನುತ್ತಲೇ ಇದ್ದರು. ಮಲ್ಲಮ್ಮ ಹಾಸಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂಗಿದಳು: "ತಮ್ಮಾ, ಎಲ್ಲಿದ್ದೀಪಾ? ಬಿಡು ಅಂತ ಹೇಳಪಾ ಅವರಿಗೆ!" ಅವಳ ತಮ್ಮ ಒಂದಡಿ ದೂರದಲ್ಲಿ, ಸೂಜಿ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದ.

ಪುಣ್ಯಕ್ಕೆ ಕಾಲಿಗೇನೂ ಆಗಲಿಲ್ಲ, ನೋವೂ ಇಳಿಯಿತು. ಮನೆಗೆ ಹೊರಡುವಾಗ ನನ್ನ ಕೈ ಹಿಡಿದು, "ನಿಮ್ಮ ಸಾಹೇಬನ ಕೈ ಭಾಳ ಒರಟ ಅದ. ನೀ ಮಾಡಿದ್ರ ಇಷ್ಟು ನೋಯ್ತಿದ್ದಿಲ್ಲ ನೋಡು" ಎಂದಳು.

"ಹೌದವ್ವಾ" ಎಂದೆ. ಆ ಮಾತು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿನ್ನೆ, ಅಂದು ಪ್ರಶ್ನೆ ಕೇಳಿದ್ದ ಆ ಹುಡುಗಿಗೆ ಮೊದಲ ರೋಗಿ, ರಾಂಜಣಗಾಂವದ ಕಾರ್ಖಾನೆಯೊಂದರ ಕೆಲಸಗಾರ. ಮಲಗುವ ಮುಂಚೆ, ಸೂಜಿ ಹಾಕುವವರು ಯಾರು ಎಂದು ಕೇಳಿದ. ಅವಳು ನನ್ನ ಮುಖ ನೋಡಿದಳು. ಇವಳೇ, ಇದು ಇವಳ ಮೊದಲನೆಯದು, ನಾನು ಪಕ್ಕದಲ್ಲಿರುತ್ತೇನೆ ಎಂದು ಹೇಳಿಬಿಟ್ಟೆ. ಅವನು ಬೇಡ ಎಂದವನೇ ಅಂಗಿ ತೊಟ್ಟು ಹೊರಟುಹೋದ. ಹುಡುಗಿಯ ಕಣ್ಣಲ್ಲಿ ನೀರು. ಒಳಗೊಳಗೇ ನನಗೆ ಶಾಪ ಹಾಕಿರಬೇಕು. ನಾನು ಬಾಗಿಲ ಕಡೆ ನೋಡುತ್ತ ನಿಂತೆ.

ನಿಜ ಹೇಳಿದ್ದರೆ ಮಲ್ಲಮ್ಮನೂ ಹೀಗೆಯೇ ಎದ್ದು ಹೋಗುತ್ತಿದ್ದಳು. ಅದು ಗೊತ್ತಿದ್ದೇ ಸುಳ್ಳು ಹೇಳಿದ್ದೆ.